ಸುಳ್ಳು ಸಾಕ್ಷಿ ಹೇಳಿದ ಉಂಗುರ

ನಾನು ಒಂದು ಉಂಗುರ. ಗುಳೇದಗುಡ್ಡದ ಪತ್ತಾರನೊಬ್ಬ ಬೆಂಕಿಯಲ್ಲಿ ಕಾಸಿ, ಕುಟ್ಟಿ ಕುಟ್ಟಿ ನನ್ನನ್ನು ದುಂಡಗೆ ಮಾಡಿದ. ಅವನ ಪೆಟ್ಟಿನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಬಾಯಿ ಬಡಾಯಿಯವರ ಮೇಲೆ, ನನ್ನ ಮೇಲೂ.

ಹಂಪವ್ವ ನನ್ನನ್ನು ತನ್ನ ಬೆರಳಿನಿಂದ ತೆಗೆದು ಸೊಸೆ ಗುರಬಸವ್ವನಿಗೆ ತೊಡಿಸಿದಳು. ಗುರಬಸವ್ವ ಕುಪ್ಪಸದ ಖಣ ನೇಯುವಾಕೆ. ಮಗ್ಗದಲ್ಲಿ ಎಳೆ ಕಡಿದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಗಂಟು ಹಾಕುತ್ತಿದ್ದಳು. ನಲವತ್ತು ದಾಟಿದ ಮೇಲೆ ಬೆರಳ ಕೀಲುಗಳಿಗೆ ಉರಿಯೂತ ಬಂತು. ಬೆಳಗಾದರೆ ಕೆಂಪಗೆ ಬಾತು ನನ್ನನ್ನು ಹಿಂಡುತ್ತಿದ್ದವು. ಡಾಕ್ಟರಮ್ಮ ಕೊಟ್ಟ ಗುಳಿಗೆಗೆ ಬಾವು ಅರ್ಧ ಇಳಿಯಿತು. ಆಮೇಲೆ ಯೋಗ ಶಿಬಿರಕ್ಕೂ ಹೋಗತೊಡಗಿದಳು. ಸುಳ್ಳೇಕೆ ಹೇಳಲಿ, ಅದರಿಂದಲೂ ಒಳ್ಳೆಯದಾಯಿತು. ನಿಧಾನದ ಉಸಿರು, ಮುಷ್ಟಿ ಬಿಗಿದು ಬಿಡುವುದು, ಕಣ್ತುಂಬ ನಿದ್ದೆ. ಮೂರು ತಿಂಗಳಲ್ಲಿ ನಾನು ಸಲೀಸಾಗಿ ತಿರುಗತೊಡಗಿದೆ.

ಸಮಾರೋಪದ ದಿನ ಶಿಬಿರದ ಗುರು ಚಿದಂಬರಯ್ಯ ಅವಳನ್ನು ವೇದಿಕೆಗೆ ಕರೆದ. ನನ್ನನ್ನು ಸರ್ರನೆ ಎಳೆದು ಎತ್ತಿ ಹಿಡಿದ.

“ನೋಡ್ರಿ! ಒಂದು ಗುಳಿಗಿ ಇಲ್ಲ, ಬರೇ ಯೋಗ! ಹೌದಿಲ್ಲೋ ತಾಯಿ?”

ಗುಳಿಗೆಯ ವಿಷಯ ಆ ಮಹಾಶಯ ಒಮ್ಮೆಯೂ ವಿಚಾರಿಸಿರಲಿಲ್ಲ. ಗುರಬಸವ್ವ ಅಂದು ಬೆಳಗ್ಗೆಯೂ ನುಂಗಿ ಬಂದಿದ್ದಳು. ಆದರೆ ಮುನ್ನೂರು ಮಂದಿಯ ಎದುರು ಗುರುವಿನ ಮಾತು ಅಲ್ಲಗಳೆಯಲು ನಾಲಿಗೆ ಏಳದೆ ಹೌದೆಂದು ತಲೆಯಾಡಿಸಿಬಿಟ್ಟಳು. ಚಪ್ಪಾಳೆಯೋ ಚಪ್ಪಾಳೆ. ಅವನ ಕೈಯಲ್ಲಿ ನಾನೂ ಮಿರಮಿರ ಮಿಂಚಿದೆ, ನಾಚಿಕೆಗೇಡಿ!

ಆಡಿದ ಸುಳ್ಳನ್ನು ನಿಜ ಮಾಡಲು ಅವಳು ಮಾರನೆಯ ದಿನವೇ ಗುಳಿಗೆ ಬಿಟ್ಟಳು. ಬಾವು ಮರಳಿತು. ಊರೆಲ್ಲ ಹೊಗಳಿದ ಕೈಯನ್ನು ತಿಂಗಳುಗಟ್ಟಲೆ ಸೆರಗಿನಲ್ಲಿ ಮುಚ್ಚಿಕೊಂಡು ತಿರುಗಿದಳು. ಕೊನೆಗೆ ನಾನಿದ್ದ ಬೆರಳು ನೀಲಿಗಟ್ಟಿ, ಆಸ್ಪತ್ರೆಯಲ್ಲಿ ನನ್ನನ್ನು ಕತ್ತರಿಸಿ ತೆಗೆದರು.

“ಯೋಗಾನೂ ಮಾಡ್ರಿ, ಗುಳಿಗೀನೂ ತಗೋರಿ. ಎರಡಕ್ಕೂ ಜಗಳಾ ಹಚ್ಚಿದಾವ ಯಾವನ್ರೀ?” ಡಾಕ್ಟರಮ್ಮ ಸಿಡಿದರು.

ಮತ್ತೆ ಗುಳಿಗೆ, ಮತ್ತೆ ಯೋಗ. ಬಾವು ಇಳಿಯಿತು, ಬೆರಳುಗಳು ಮಾತ್ರ ಸೊಟ್ಟಗೇ ಉಳಿದವು. ನನಗೆ ಬೆಸುಗೆ ಹಾಕಿಸಲು ಅವಳು ಒಪ್ಪಲಿಲ್ಲ. ಸೆರಗಿನ ಗಂಟೇ ಈಗ ನನ್ನ ಮನೆ. ಬಂಗಾರಕ್ಕೆ ಬೆಲೆಯಿದೆಯಂತೆ, ಬಾಯಿಲ್ಲದ ಬಂಗಾರ ಯಾರ ಕೈಯಲ್ಲಿ ಸಿಕ್ಕರೆ ಅವರ ಮಾತನ್ನೇ ಆಡುತ್ತದೆ, ಥೂ.

ಈ ವರ್ಷ ಶಿಬಿರದಲ್ಲಿ ಚಿದಂಬರಯ್ಯ ಕೂಗಿದ: “ಗುಳಿಗಿ ಬಿಡಾವ್ರು ಕೈ ಎತ್ರಿ!”

ಹತ್ತಾರು ಕೈ ಎದ್ದವು. ಗುರಬಸವ್ವ ಎದ್ದು ನಿಂತು ತನ್ನ ಕೈಯನ್ನೂ ಎತ್ತಿದಳು.

“ಹೋದ ವರ್ಷ ನಿಮ್ಮ ಮಾತು ಕೇಳಿ ನಾ ಬಿಟ್ಟೆರಿ. ಈ ಕೈಲೆ ಇನ್ನ ಎಳಿ ಗಂಟ ಬೀಳೂದಿಲ್ಲ.”

ಎತ್ತಿದ್ದ ಕೈಗಳು ಒಂದೊಂದಾಗಿ ಇಳಿದವು.