ಚುಸೊಕ್ ಹುಣ್ಣಿಮೆಗೆ ಬಲೆ ಬಿಡದ ವರ್ಷ

ಎರಡು ವರ್ಷದ ಹಿಂದೆ ನಮ್ಮೂರಿನ ಕಡಲಲ್ಲಿ ಬಲೆಗಳೆಲ್ಲ ಬೋಳಾದವು.

ನಮ್ಮದು ಗಿಮ್ ಬೆಳೆಯುವ ಊರು. ಅನ್ನಕ್ಕೆ ಸುತ್ತಿಕೊಂಡು ತಿನ್ನುವ ಕಪ್ಪು ಕಡಲಸೊಪ್ಪು ಇದೆಯಲ್ಲ, ಅದೇ. ಗದ್ದೆಯವರು ನಾಟಿ ಮಾಡಿದ ಹಾಗೆ ನಾವು ನೀರಿನಲ್ಲಿ ಬಲೆ ಹಾಸಿ ಬೀಜ ಹಿಡಿಸುತ್ತೇವೆ. ಬೀಜ ಇರುವುದು ಸಿಂಪಿ ಚಿಪ್ಪಿನೊಳಗೆ. ಆ ಚಿಪ್ಪುಗಳನ್ನು ಬಲೆಯ ಕೆಳಗೆ ತೂಗುಬಿಟ್ಟರೆ ಬೀಜ ಹೊರಬಂದು ದಾರಕ್ಕೆ ಅಂಟಿಕೊಳ್ಳುತ್ತದೆ. ಚಳಿ ಶುರುವಾಗುವ ಹೊತ್ತಿಗೆ ಬಲೆ ಕಪ್ಪಗೆ ತುಂಬಿಕೊಂಡು ಜೋತಾಡಬೇಕು. ಆ ವರ್ಷ ಎತ್ತಿ ನೋಡಿದರೆ ತೊಳೆದು ಒಣಗಿಸಿದ ಬಟ್ಟೆಯ ಹಾಗೆ ಬೆಳ್ಳಗಿತ್ತು.

ನಾನು ಚಿಪ್ಪು ಕೊಟ್ಟವನನ್ನು ಬೈದೆ. ನನ್ನ ಗಂಡ ಕಡಲನ್ನು ಬೈದ. ಪಕ್ಕದ ಮನೆಯ ಗುಬೊಂಗ್ ಅಣ್ಣ ನಮ್ಮಿಬ್ಬರನ್ನೂ ಬೈದ, ನಮ್ಮ ಬಲೆಯ ರೋಗವೇ ಅವನ ಬಲೆಗೆ ಹತ್ತಿತಂತೆ. ಬಲೆ ಬಿಟ್ಟ ದಿನದ ಬಗ್ಗೆ ಮಾತ್ರ ಯಾರೂ ಚಕಾರ ಎತ್ತಲಿಲ್ಲ. ಎತ್ತುವುದು ಹೇಗೆ? ನಮ್ಮ ಸುಗ್ಗಿ ಹಬ್ಬವಾದ ಚುಸೊಕ್ ಹುಣ್ಣಿಮೆಗೆ ಹಿರಿಯರಿಗೆ ಎಡೆ ಇಟ್ಟು, ಸಮಾಧಿಗೆ ನಮಸ್ಕಾರ ಮಾಡಿ ಬಂದು, ಮೂರನೆಯ ದಿನ ಬಲೆ ಬಿಡುವುದು. ಮಾವ ಹಾಗೆ ಮಾಡಿದ್ದರು, ಮಾವನ ಅಪ್ಪನೂ ಹಾಗೇ ಮಾಡಿದ್ದರು.

"ಇನ್ನೊಂದ್ ವರ್ಷ ಹಿಂಗೇ ಆದ್ರೆ ದೋಣಿ ಮಾರಿ ಪಟ್ಟಣಕ್ಕೆ ಹೋಗೋದೇ," ಎಂದು ನನ್ನ ಗಂಡ ಬಟ್ಟಲು ಕೆಳಗಿಟ್ಟ. ಅದು ಅವನ ಅಪ್ಪನ ದೋಣಿ.

ಆ ಡಿಸೆಂಬರಿನಲ್ಲೇ ನಮ್ಮೂರ ಪ್ರೌಢಶಾಲೆಯಲ್ಲಿ ಸಭೆ ಕರೆದರು. ಅಲ್ಲಿನ ಶಾಲಾ ಸಮಿತಿಯಲ್ಲಿ ಊರವರ ಪರವಾಗಿ ನಾನೂ ಒಬ್ಬಳು. ನನ್ನ ಮಗಳು ಬೊರಾ ಮಾರ್ಚಿಗೆ ಅದೇ ಶಾಲೆ ಸೇರುವವಳಿದ್ದಳು. ಮೀನುಗಾರಿಕೆ ಪಾಠ ಮಾಡುವ ಪ್ಯೊ ಟೀಚರ್ ಎದ್ದು ನಿಂತು ಒಂದು ಹಳದಿ ಪುಸ್ತಕ ತೋರಿಸಿದರು. ಹಿಂದೆ ನಮ್ಮ ಶಾಲೆಯೇ ಅಚ್ಚು ಹಾಕಿಸಿದ ಕಸುಬಿನ ಪಾಠಪುಸ್ತಕ.

"ಈ ಚಿತ್ರದಲ್ಲಿ ಬಲೆ ಹಿಡ್ಕೊಂಡಿರೋ ಹುಡುಗ ಯಾರು ಗೊತ್ತಾಯ್ತಾ?" ಎಂದು ಕೇಳಿದರು.

ನೋಡಿದರೆ ಗುಬೊಂಗ್ ಅಣ್ಣ! ತಲೆ ತುಂಬ ಕೂದಲು. ಈಗ ಆ ತಲೆಯಲ್ಲಿ ಸೂರ್ಯನ ಬಿಸಿಲು ಬಿಟ್ಟರೆ ಬೇರೇನೂ ನಿಲ್ಲುವುದಿಲ್ಲ. ಎಲ್ಲರೂ ನಕ್ಕೆವು. ಅವನೂ ಸಮಿತಿಯವನೇ, ಟೋಪಿ ಸರಿಮಾಡಿಕೊಂಡ.

"ಅಣ್ಣ ಬದಲಾದ್ರು, ದೋಣಿ ಬದಲಾಯ್ತು, ಕಡಲೂ ಬದಲಾಯ್ತು," ಎಂದರು ಟೀಚರ್. "ಪುಸ್ತಕ ಮಾತ್ರ ಹಾಗೇ ಇದೆ. ಚುಸೊಕ್ ಆದ್ಮೇಲೆ ಬಲೆ ಬಿಡಿ ಅಂತ ಇದರಲ್ಲಿದೆ. ಯಾಕೆ ಅಂತ ಇಲ್ಲ. ನೀರಿನ ಶಾಖ ಅಳೆಯೋದು ಇಲ್ಲ. ಬೀಜ ಹಿಡೀತೋ ಇಲ್ವೋ ಅಂತ ಸೂಕ್ಷ್ಮದರ್ಶಕದಲ್ಲಿ ನೋಡೋದು ಇಲ್ಲ. ಈಗಿನ ಎಂಜಿನ್ ರಿಪೇರಿನೂ ಇಲ್ಲ. ಪಾಠ ಹೊಸದಾಗಿ ಬರೆಯೋಣ. ನಿಮ್ಮ ಒಪ್ಪಿಗೆ ಬೇಕು."

ಮೊದಲು ಬಾಯಿ ತೆಗೆದವಳು ನಾನೇ. "ಟೀಚರ್, ಬೇಜಾರು ಮಾಡ್ಕೋಬೇಡಿ. ಬಲೆ ಕೆಲಸ ಮನೇಲಿ ಕಲೀತಾರೆ. ನಾವು ಮಕ್ಕಳನ್ನ ಶಾಲೆಗೆ ಕಳಿಸೋದೇ ಅದರಿಂದ ತಪ್ಪಿಸ್ಕೊಳ್ಳಲಿ ಅಂತ. ನೀವು ಅಲ್ಲೂ ಅದನ್ನೇ ಹೇಳ್ಕೊಟ್ರೆ ಅವರು ಓದೋದು ಯಾವಾಗ?"

"ಗಣಿತ, ವಿಜ್ಞಾನ ಯಾವುದೂ ಬಿಡೋಲ್ಲ ಬೊರಾ ಅಮ್ಮಾ. ಮುಂದೆ ವಿಶ್ವವಿದ್ಯಾಲಯಕ್ಕೆ ಹೋಗೋರು ಹೋಗ್ಲಿ. ಆದ್ರೆ ಅದೇ ವಿಜ್ಞಾನನ ನಮ್ಮ ಕಡಲಿಗೆ ಹಚ್ಚಿ ನೋಡೋದು ಬೇಡ್ವಾ? ಮನೇಲಿ ಕಲ್ತಿದ್ದು ಈ ವರ್ಷ ಯಾಕೆ ಕೈ ಕೊಡ್ತು? ಅದನ್ನ ಮನೇಲಿ ಯಾರು ಹೇಳಿದ್ರು?"

ಉತ್ತರ ಇಲ್ಲದಾಗ ನನಗೆ ಸಿಟ್ಟು ಬರುತ್ತದೆ. ಒಪ್ಪುವವರು ಕೈ ಎತ್ತಿ ಎಂದಾಗ ನಾನು ಎತ್ತಲಿಲ್ಲ. ಗುಬೊಂಗ್ ಅಣ್ಣನೂ ಎತ್ತಲಿಲ್ಲ, ಅವನಿಗೆ ಆ ಚಿತ್ರದ ಮೇಲೆ ಆಸೆ. ಕೊನೆಗೆ ಒಪ್ಪಿಗೆ ಸಿಗಲಿಲ್ಲ. ಬೇಕಾದವರಿಗೆ ಒಂದು ವರ್ಷ ಪ್ರಯೋಗಕ್ಕೆ ಪಾಠ ಮಾಡಿ, ಮುಂದಿನ ಡಿಸೆಂಬರಿಗೆ ಮತ್ತೆ ನೋಡೋಣ ಎಂದಾಯಿತು.

ಬೇಕಾದವರ ಪಟ್ಟಿಯಲ್ಲಿ ಮೊದಲ ಹೆಸರು ಯಾರದು? ನನ್ನ ಮಗಳದೇ. ಸಹಿಯ ಜಾಗದಲ್ಲಿ ಹೆತ್ತವರ ಮುದ್ರೆ ಬೇಕಿತ್ತಲ್ಲ ಎಂದು ನೋಡಿದರೆ, ಅವಳ ಅಪ್ಪ ಸದ್ದಿಲ್ಲದೆ ಒತ್ತಿಕೊಟ್ಟಿದ್ದ. ಇಬ್ಬರ ಜೊತೆಯೂ ಎರಡು ದಿನ ಮಾತು ಬಿಟ್ಟೆ.

ಮರುವರ್ಷ ಚುಸೊಕ್ ಬೇಗ ಬಂತು. ಹುಣ್ಣಿಮೆಯ ಲೆಕ್ಕ ಅಲ್ಲವೇ, ಒಂದು ವರ್ಷ ಅಕ್ಟೋಬರಿಗೆ ಬಂದರೆ ಇನ್ನೊಂದು ವರ್ಷ ಸೆಪ್ಟೆಂಬರ್ ಮೊದಲಿಗೇ ಬರುತ್ತದೆ. ಸೆಕೆ ಇನ್ನೂ ಹೋಗಿರಲಿಲ್ಲ. ಎಡೆಗೆ ಅಕ್ಕಿ ಕಡುಬು ಮಾಡುವಾಗ ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಆದರೂ ಮೂರನೆಯ ದಿನ ಬೆಳಿಗ್ಗೆ ಬಲೆಗಳನ್ನು ದೋಣಿಗೆ ಹೇರಿದೆವು. ಹೊರಡಬೇಕು ಅನ್ನುವಾಗ ಬೊರಾ ಕಟ್ಟೆಯ ಮೇಲೆ ದೋಣಿಯ ಹಗ್ಗ ಹಿಡಿದು ನಿಂತಿದ್ದಳು. ಇನ್ನೊಂದು ಕೈಯಲ್ಲಿ ಶಾಖ ಅಳೆಯುವ ಕೊಳವೆ, ಅದಕ್ಕೊಂದು ಉದ್ದ ದಾರ.

"ಅಮ್ಮಾ, ಇವತ್ತು ಬೇಡ. ನೀರು ಇಪ್ಪತ್ತಾರು ಡಿಗ್ರಿ ಇದೆ. ಇಪ್ಪತ್ತೆರಡಕ್ಕೆ ಇಳೀಬೇಕು."

"ಹಗ್ಗ ಬಿಡು."

"ಹೋದ್ ವರ್ಷನೂ ಹಿಂಗೇ ಬಿಸಿ ನೀರಿಗೆ ಬಿಟ್ರಿ ಅಮ್ಮಾ. ಬೀಜ ಹಿಡಿದು ಹಂಗೇ ಉದುರಿ ಹೋಯ್ತು. ಟೀಚರ್ ಹಳೇ ಲೆಕ್ಕ ಎಲ್ಲಾ ತೆಗೆದು ತೋರಿಸಿದ್ರು."

"ನಿಮ್ ತಾತ ಯಾವ ಕೊಳವೆ ಅದ್ದಿದ್ರು? ಗಿಮ್ ಬೆಳೀಲಿಲ್ವಾ ಅವರು?"

ಪಕ್ಕದ ದೋಣಿಯಿಂದ ಗುಬೊಂಗ್ ಅಣ್ಣ ನಕ್ಕ. "ಏನಮ್ಮಾ ಡಾಕ್ಟ್ರೇ, ಕಡಲಿಗೆ ಜ್ವರ ಬಂದಿದ್ಯಾ? ಮಾತ್ರೆ ಕೊಡು, ನಾವು ಹೋಗಿ ಬರ್ತೀವಿ." ಅವನ ದೋಣಿ ಹೊರಟೇಹೋಯಿತು.

ನನಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ನನ್ನ ಅತ್ತೆ ಹಬ್ಬದ ಕಡುಬಿನ ಡಬ್ಬಿ ಹಿಡಿದುಕೊಂಡು ಬಂದರು. ಎಂಬತ್ತೊಂದು ವರ್ಷ, ಸೊಂಟ ಅರ್ಧಕ್ಕೆ ಬಗ್ಗಿದೆ, ಕಿವಿ ಮಾತ್ರ ಚುರುಕು. ಎಲ್ಲವನ್ನೂ ಕೇಳಿಸಿಕೊಂಡೇ ಬಂದಿದ್ದರು. ಡಬ್ಬಿಯನ್ನು ನನ್ನ ಕೈಗಿತ್ತು, ರಬ್ಬರ್ ಬೂಟು ಕಳಚಿ, ಕಟ್ಟೆಯ ಮೆಟ್ಟಿಲಿಳಿದು ಕಾಲನ್ನು ನೀರಿಗೆ ಬಿಟ್ಟರು. ಮೆಟ್ಟಿಲ ಮೇಲೇ ಕೂತು ಕಾಲಾಡಿಸಿದರು.

"ಇದು ಚುಸೊಕ್ ನೀರಲ್ಲ," ಎಂದರು.

"ಏನತ್ತೆ ಹಂಗಂದ್ರೆ?"

"ನಾನು ಮದುವೆ ಆಗಿ ಬಂದಾಗ ಹಬ್ಬ ಕಳೆದ ಮೂರನೇ ದಿನ ನಿಮ್ ಮಾವ ನನ್ನ ಇಲ್ಲೇ ನೀರಿಗೆ ಇಳಿಸಿದ್ದ. ಕಾಲಿಟ್ಟ ಕೂಡ್ಲೇ ಮೈ ಜುಮ್ ಅಂದು ಕಿರುಚಿದ್ದೆ. ಹಬ್ಬ ಬೇಗ ಬಂದ ವರ್ಷ ಅವನು ನನ್ನ ಇಳಿಸಿ ನೋಡೋನು. ನಾನು ಕಿರುಚದಿದ್ರೆ ಇನ್ನೂ ನಾಕು ದಿನ ಕಾಯೋನು. ಈಗ ನೋಡು, ಕೈ ಕಾಲು ತೊಳೆಯೋ ಬಿಸಿನೀರು ಇದ್ದಂಗಿದೆ."

"ಮತ್ತೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಅತ್ತೆ?"

"ನೀವು ಯಾರು ಕೇಳಿದ್ರಿ? ಯಾವ ದಿನ ಅಂತ ಕೇಳಿದ್ರಿ, ದಿನ ಹೇಳ್ದೆ."

ಬೊರಾ ಅಜ್ಜಿಯ ಪಕ್ಕದಲ್ಲಿ ಕುಳಿತು ಪುಸ್ತಕ ತೆಗೆದು ಬರೆದುಕೊಳ್ಳತೊಡಗಿದಳು. ನನ್ನ ಗಂಡ ದೋಣಿಯಿಂದ ಬಲೆಗಳನ್ನು ಮತ್ತೆ ಕಟ್ಟೆಗೆ ಇಳಿಸಲು ಶುರು ಮಾಡಿದ. ನಾನು ಚಿಪ್ಪು ಸಾಕುವವನಿಗೆ ಫೋನ್ ಮಾಡಿ, ನಮ್ಮ ಚಿಪ್ಪುಗಳನ್ನು ಇನ್ನಷ್ಟು ದಿನ ನಿನ್ನ ತೊಟ್ಟಿಯಲ್ಲೇ ಇಟ್ಟುಕೋ ಎಂದೆ. ತಪ್ಪಿದರೆ ದೋಣಿ ಹೋಯಿತು, ಅಷ್ಟೇ.

ಆಮೇಲಿನ ಇಪ್ಪತ್ತು ದಿನ ನನಗೆ ಯಾರ ಮುಖ ನೋಡುವುದೂ ಬೇಡವಾಗಿತ್ತು. ಅಂಗಡಿಯಲ್ಲಿ, ಬಸ್ಸಿನಲ್ಲಿ ಒಂದೇ ಮಾತು: "ಬೊರಾ ಅಮ್ಮ ಹಬ್ಬ ಮುಗಿದಿದ್ದು ಮರ್ತೇ ಹೋದ್ಲಂತೆ." ದಿನಾ ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ ಬೊರಾ ಮತ್ತು ಅವಳ ಗೆಳತಿಯರು ಕಟ್ಟೆಗೆ ಬಂದು ಕೊಳವೆ ಇಳಿಸುತ್ತಿದ್ದರು. ನಾನೂ ಸೊಪ್ಪು ತೊಳೆಯುವ ನೆಪ ಮಾಡಿಕೊಂಡು ಹತ್ತಿರ ಸುಳಿಯುತ್ತಿದ್ದೆ. ಇಪ್ಪತ್ತೈದು. ಇಪ್ಪತ್ತನಾಲ್ಕು. ಒಂದು ದಿನ ಮತ್ತೆ ಇಪ್ಪತ್ತೈದಕ್ಕೆ ಏರಿದಾಗ ನಾನು ಬುಟ್ಟಿ ಅಲ್ಲೇ ಬಿಟ್ಟು ಕೊಳವೆ ಕಿತ್ತುಕೊಂಡು ನೋಡಿದೆ.

"ಹೆದರ್ಬೇಡ ಅಮ್ಮಾ, ಬಿಸಿಲಿಗೆ ಏರಿದೆ, ಗಾಳಿ ತಿರುಗಿದ್ರೆ ಇಳಿಯುತ್ತೆ," ಎಂದಳು ಬೊರಾ. ಹದಿನಾರು ವರ್ಷದವಳು ನನಗೆ ಧೈರ್ಯ ಹೇಳುತ್ತಿದ್ದಾಳೆ! ಬಡಗಣ ಗಾಳಿ ಬಂತು, ಇಳಿಯಿತು. ಇಪ್ಪತ್ತೆರಡು ಎಂದು ಅವಳು ಕೂಗಿದ ದಿನ ಅತ್ತೆಯನ್ನೂ ಕರೆತಂದೆವು. ಅವರು ಕಾಲಿಟ್ಟ ಕೂಡಲೇ "ಅಯ್ಯೋ!" ಎಂದು ಕಿರುಚಿದರು. ಆ ಕಿರುಚಾಟ ಕೇಳಿ ನಾವೆಲ್ಲ ಹೋ ಎಂದು ನಕ್ಕೆವು. ಅವತ್ತೇ ಬಲೆ ಬಿಟ್ಟೆವು.

ಒಂದು ವಾರ ಬಿಟ್ಟು ಬಲೆಯ ಒಂದು ತುಂಡು ದಾರವನ್ನು ಕತ್ತರಿಸಿ ಶಾಲೆಗೆ ಒಯ್ದೆ. ಮಗಳು ಮಾತ್ರ ಹೋದರೆ ಸಾಕಿತ್ತು, ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಪ್ಯೊ ಟೀಚರ್ ಸೂಕ್ಷ್ಮದರ್ಶಕದ ಮುಂದೆ ನನ್ನನ್ನೇ ಕೂರಿಸಿದರು.

"ಒಂದು ಕಣ್ಣು ಮುಚ್ಚಿ ನೋಡಿ ಬೊರಾ ಅಮ್ಮಾ. ಏನು ಕಾಣುತ್ತೆ?"

ದಾರದ ಎಳೆಯ ಮೇಲೆ ಕೆಂಪು ಕಾಳುಗಳು. ಸಾಲಿಗೆ ಸಾಲು, ಒತ್ತೊತ್ತಾಗಿ ಹಿಡಿದುಕೊಂಡಿದ್ದವು. ಇಪ್ಪತ್ತು ವರ್ಷ ಗಿಮ್ ಬೆಳೆದವಳು ನಾನು, ಅದರ ಬೀಜ ಹೇಗಿರುತ್ತದೆ ಎಂದು ನೋಡಿದ್ದು ಅವತ್ತೇ.

"ಹಿಡಿದಿದೆ," ಎಂದೆ. ಇನ್ನೇನೋ ಹೇಳಹೊರಟು ಅಳು ಬಂತು. ಮಕ್ಕಳ ಮುಂದೆ, ಅವರ ಚಿಕ್ಕ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಎದೆಯ ಮೇಲಿನ ಕಲ್ಲು ಇಳಿದಿತ್ತು. ಬೊರಾ ಅಂಗಿಯ ತೋಳಿನಿಂದ ನನ್ನ ಮೂಗು ಒರೆಸಿ, "ಅಮ್ಮಾ, ಗಾಜಿನ ಮೇಲೆ ನೀರು ಬೀಳುತ್ತೆ, ಆ ಕಡೆ ತಿರುಗು," ಎಂದಳು.

ಗುಬೊಂಗ್ ಅಣ್ಣನ ಬಲೆ ಅಷ್ಟರಲ್ಲಿ ಬೆಳ್ಳಗಾಗಿತ್ತು. ಒಂದು ಸಂಜೆ ಟೋಪಿ ಕೈಯಲ್ಲಿ ಹಿಡಿದುಕೊಂಡು ಬಂದು ನಮ್ಮ ಜಗುಲಿಯ ಮೇಲೆ ಕುಳಿತ. ಬೀಜ ಹಿಡಿದ ಒಂದಷ್ಟು ಬಲೆಗಳನ್ನು ನಾವೆಲ್ಲ ಮುಂಜಾಗ್ರತೆಗೆ ಶೈತ್ಯಾಗಾರದಲ್ಲಿ ಇಡುವುದುಂಟು. ನಮ್ಮದರಲ್ಲಿ ಅರ್ಧ ಅವನಿಗೆ ಕೊಟ್ಟೆವು.

"ಡಾಕ್ಟ್ರಮ್ಮಾ," ಎಂದು ಬೊರಾಳನ್ನು ಕರೆದ. ಈ ಸಲ ಕುಹಕ ಇರಲಿಲ್ಲ. "ಇದನ್ನ ಯಾವತ್ತು ಬಿಡ್ಲಿ, ನೀನೇ ಹೇಳು."

"ಬನ್ನಿ ದೊಡ್ಡಪ್ಪ, ಅಳೆಯೋದು ತೋರಿಸ್ಕೊಡ್ತೀನಿ. ಆಮೇಲೆ ನೀವೇ ಹೇಳ್ಬಹುದು."

ಆ ಡಿಸೆಂಬರಿಗೆ ನಮ್ಮ ಬಲೆ ಕಪ್ಪಗೆ ತುಂಬಿಕೊಂಡು ಜೋತಾಡಿತು. ದೋಣಿ ಮಾರುವ ಮಾತು ಮನೆಯಲ್ಲಿ ಮತ್ತೆ ಬರಲಿಲ್ಲ. ಸಭೆಯ ದಿನ ಪ್ಯೊ ಟೀಚರ್ ಇನ್ನೂ ಮಾತು ಮುಗಿಸಿರಲಿಲ್ಲ, ನಾನು ಕೈ ಎತ್ತಿಬಿಟ್ಟಿದ್ದೆ.

"ಇರಿ ಬೊರಾ ಅಮ್ಮಾ, ಮೊದಲು ಒಪ್ಪಿಗೆ ಇದೆಯಾ ಅಂತ ಕೇಳ್ತೀನಿ," ಎಂದು ಅವರು ನಕ್ಕರು.

ಗುಬೊಂಗ್ ಅಣ್ಣನದು ಒಂದೇ ಷರತ್ತು: "ನನ್ನ ಚಿತ್ರ ತೆಗೀಬೇಡಿ." ಹೊಸ ಪುಸ್ತಕದ ಕೊನೆಯ ಪುಟದಲ್ಲಿ ಅದನ್ನು ಉಳಿಸಿಕೊಂಡೆವು. ಮೊದಲ ಪಾಠಕ್ಕೆ ನನ್ನ ಅತ್ತೆ ಅತಿಥಿ ಶಿಕ್ಷಕಿ. ಮಕ್ಕಳನ್ನು ಕಟ್ಟೆಗೆ ಕರೆದೊಯ್ದು ಮೊದಲು ನೀರಿಗೆ ಕಾಲು ಇಡಿಸುತ್ತಾರೆ, ಆಮೇಲೆ ಟೀಚರ್ ಕೊಳವೆ ಇಳಿಸುತ್ತಾರೆ. ಪ್ರತಿ ಪಾಠದ ಕೊನೆಗೂ ಒಂದು ಖಾಲಿ ಹಾಳೆ ಇದೆ. ಆ ವರ್ಷ ಕಡಲು ಏನು ಹೇಳಿತೋ ಅದನ್ನು ಮಕ್ಕಳು ಅಲ್ಲಿ ಬರೆಯಬೇಕು, ಡಿಸೆಂಬರಿನಲ್ಲಿ ಸಮಿತಿ ಅದನ್ನು ಓದಿ ಪಾಠ ತಿದ್ದಬೇಕು. ಇನ್ನು ಮುಂದೆ ನಮ್ಮ ಪುಸ್ತಕಕ್ಕೆ ಹಾಗೆಲ್ಲ ಮುಪ್ಪು ಬರುವುದಿಲ್ಲ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಲ್ಲಿ ಕಡಲು ಇಲ್ಲದಿರಬಹುದು. ಹೊಲ ಇರಬಹುದು, ಮಗ್ಗ ಇರಬಹುದು, ಗ್ಯಾರೇಜು ಇರಬಹುದು. ಇವತ್ತು ಮಕ್ಕಳು ಮನೆಗೆ ಬಂದಾಗ ಅವರ ಚೀಲದಿಂದ ಕಸುಬಿನ ಪಾಠದ ಪುಸ್ತಕ ಹೊರತೆಗೆಯಿರಿ. ಯಾವ ವರ್ಷ ಅಚ್ಚಾಗಿದೆ ನೋಡಿ. ಆ ಕೆಲಸವನ್ನು ಈಗ ಹಾಗೇ ಮಾಡುತ್ತಾರಾ ಎಂದು ಅದನ್ನು ದಿನವೂ ಮಾಡುವವರಿಗೆ ತೋರಿಸಿ ಕೇಳಿ. ಅಂಥ ಪಾಠವೇ ಇಲ್ಲ ಎಂದಾದರೆ ಯಾಕಿಲ್ಲ ಎಂದು ಕೇಳಿ. ಮನೆಯ ಹಿರಿಯರನ್ನು ಯಾವ ದಿನ ಎಂದಷ್ಟೇ ಕೇಳಬೇಡಿ, ಕಾರಣ ಕೇಳಿ. ಶಾಲೆಯಲ್ಲಿ ಸಭೆ ಕರೆದರೆ ಕೆಲಸ ಬಿಟ್ಟಾದರೂ ಹೋಗಿ ಕೂರಿ.

ನಾನು ಕೈ ಎತ್ತುವುದಕ್ಕೆ ಒಂದು ವರ್ಷ ತಡ ಮಾಡಿದೆ. ಮಗಳು ಹಗ್ಗ ಹಿಡಿದು ನಿಲ್ಲದಿದ್ದರೆ ದೋಣಿಯೇ ಹೋಗುತ್ತಿತ್ತು. ನೀವು ಅಷ್ಟು ಕಾಯಬೇಡಿ, ಈ ಸಲದ ಸಭೆಯಲ್ಲೇ ಕೈ ಎತ್ತಿ.