ಭಾವನ ಪಾಲಿನ ಬ್ರೇಕು

ಮನೆ ಪಾಲಾದಾಗ ಹಿರಿಯರು ನಮ್ಮ ಅಂಬಾಸಿಡರ್ ಕಾರನ್ನೂ ಹೊಲ ಹಂಚಿದ ಹಾಗೆಯೇ ಹಂಚಿದರು. ಒಂದು ವಾರ ನಮ್ಮದು, ಒಂದು ವಾರ ನನ್ನ ಯಜಮಾನರ ಅಣ್ಣ, ಭಾವ ರುದ್ರಸ್ವಾಮಿಯದು. ರಿಪೇರಿ ಬಂದರೆ ಬಲಗಡೆಯ ಎರಡು ಗಾಲಿ ನಮ್ಮ ಪಾಲು, ಎಡಗಡೆಯ ಎರಡು ಅವರ ಪಾಲು. ಕೆ.ಆರ್. ನಗರದ ಸುತ್ತ ನ್ಯಾಯ ಹೇಳುವವರಿಗೆ ಬದು ಹಾಕುವುದು ಗೊತ್ತು, ಬ್ರೇಕು ಗೊತ್ತಿಲ್ಲ.

ನನ್ನ ಯಜಮಾನರಿಗೆ ಎದೆನೋವು ಬಂದದ್ದು ಭಾವನ ವಾರದಲ್ಲಿ. ಕಾರು ತೊಳೆದು ಅಂಗಳದಲ್ಲೇ ನಿಂತಿತ್ತು. ಕೈಮುಗಿದು ಕೇಳಿದೆ. ಒಂದು ಸಲ ಕೊಟ್ಟರೆ ಅದೇ ರೂಢಿಯಾಗುತ್ತದೆ ಎಂದ. ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ಹೊರಟೆವು; ಆಸ್ಪತ್ರೆ ಸೇರುವ ಮೊದಲೇ ಅವರು ಹೋಗಿಬಿಟ್ಟರು. ಮಣ್ಣು ಮಾಡುವಾಗ ಎಲ್ಲರಿಗಿಂತ ಜೋರಾಗಿ ಅತ್ತವನು ಭಾವ. ಆ ಅಳುವನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಎದುರಿಗೆ ನೀವು ಎನ್ನುತ್ತೇನೆ, ಮನಸ್ಸಿನಲ್ಲಿ ಅವನೇ.

ಎಪ್ಪತ್ತೆರಡನೇ ಇಸವಿಯಲ್ಲಿ ಸುಗ್ಗಿ ಮುಗಿಯುವಷ್ಟರಲ್ಲಿ ಬ್ರೇಕು ತುಳಿದರೆ ಕಿರುಗುಟ್ಟತೊಡಗಿತು. ಎರಡೂ ಮನೆಗೆ ಕಾರು ಓಡಿಸುವ ಡ್ರೈವರ್ ನಂಜಯ್ಯನ ಜೊತೆ ಹುಣಸೂರಿನ ಅಂಕಯ್ಯನ ಗ್ಯಾರೇಜಿಗೆ ಹೋದೆ. ಗಾಲಿ ಬಿಚ್ಚಿ ನೋಡಿದರೆ ಬ್ರೇಕಿನ ಲೈನಿಂಗ್ ಪಟ್ಟಿ ಸವೆದು ಒಳಗಿನ ರಿವಿಟ್ ಮೊಳೆ ಕಾಣುತ್ತಿತ್ತು, ಪಟ್ಟಿ ಉಜ್ಜುವ ಡ್ರಮ್ಮಿನ ಒಳಗೆಲ್ಲ ಗೀರು. ತನ್ನ ಪಾಲಿನ ಗಾಲಿ ಮುಟ್ಟಕೂಡದು, ಅವು ಚೆನ್ನಾಗಿವೆ ಎಂದು ಭಾವ ಮೊದಲೇ ಹೇಳಿ ಕಳಿಸಿದ್ದ.

ಅಂಕಯ್ಯ ಎರಡು ಬಗೆಯ ಲೈನಿಂಗ್ ತಂದು ಮುಂದಿಟ್ಟ. ಒಂದು ಇಲ್ಲೇ ಹಳೇ ಬ್ರೇಕ್ ಶೂಗೆ ಅಂಟಿಸಿದ್ದು, ಇನ್ನೊಂದು ಕಂಪನಿಯದು, ಗಟ್ಟಿ. ಯಾವುದಾದರೂ ಸರಿ, ಎರಡೂ ಕಡೆಗೆ ಒಂದೇ ಇರಬೇಕು ಎಂದ.

"ಬಲಕ್ಕೆ ಮಾತ್ರ ಹಾಕುದ್ರೆ ಬ್ರೇಕ್ ತುಳಿದಾಗ ಗಾಡಿ ಬಲಕ್ಕೇ ಎಳೀತದೆ ಕಣವ್ವ. ಎದುರಿಂದ ಲಾರಿ ಬಂದ್ರೆ ಮುಗೀತು."

ಮುಂದಿನ ವಾರ ಭಾವನದು. ಮಗನಿಗೆ ಹೆಣ್ಣು ನೋಡಲು ಎಚ್.ಡಿ. ಕೋಟೆಗೆ ಹೋಗುವವನಿದ್ದ. ನಾನು ಲೈನಿಂಗನ್ನು ಕೈಗೆ ತೆಗೆದುಕೊಂಡೆ. ಬಲಕ್ಕೇ ಎಳೆಯಲಿ ಎಂದುಕೊಂಡೆ. ಸುಳ್ಳೇಕೆ ಹೇಳಲಿ, ಆ ಯೋಚನೆ ಬೆಲ್ಲದ ಹಾಗಿತ್ತು. ಆಮೇಲೆ ಅವನ ಹೆಣ ಕಣ್ಣಿಗೆ ಕಟ್ಟಿತು: ಮೈತುಂಬ ಹಾರ, ಪುಣ್ಯಾತ್ಮ ಹೋಗಿಬಿಟ್ಟ ಎನ್ನುವ ಜನ. ಎತ್ತಿನ ಗಾಡಿಯ ಮಾತು ಅಲ್ಲಿ ಯಾರೂ ಎತ್ತುವುದಿಲ್ಲ. ಮೇಲಾಗಿ ಸ್ಟಿಯರಿಂಗ್ ಹಿಡಿಯುವವನು ನಂಜಯ್ಯ, ಅವನೂ ಸಾಯುತ್ತಾನೆ. ಅವತ್ತು ನಮ್ಮ ಗಾಡಿಯ ಪಕ್ಕ ಅಳುತ್ತಾ ನಡೆದು ಬಂದವನು. ಇಲ್ಲ, ಭಾವ ಅಷ್ಟು ಸುಲಭವಾಗಿ ಸಾಯಕೂಡದು.

ಕಂಪನಿಯದನ್ನೇ ನಾಲ್ಕೂ ಗಾಲಿಗೆ ಹಾಕಿಸಿದೆ, ಡ್ರಮ್ಮುಗಳೂ ಹೊಸವು. ಯಾರಾದರೂ ಕೇಳಿದರೆ ಮಾತ್ರ ಇದ್ದದ್ದು ಇದ್ದ ಹಾಗೆ ಹೇಳು ಎಂದು ನಂಜಯ್ಯನಿಗೆ ತಿಳಿಸಿದೆ.

ಭಾವನ ವಾರದಲ್ಲಿ, ಕೋಟೆಯ ದಾರಿಯಲ್ಲಿ ಹಂಪಾಪುರ ದಾಟಿದ ಮೇಲೆ ಅಡ್ಡದಾರಿಯಿಂದ ಹೊಗೆಸೊಪ್ಪಿನ ಗಾಡಿಯೊಂದು ನುಗ್ಗಿತಂತೆ. ಎದುರಿಗೆ ಲಾರಿ. ನಂಜಯ್ಯ ತುಳಿದ, ಕಾರು ಒಂದು ಗೇಣೂ ವಾಲದೆ ನಿಂತಿತು. ಭಾವ ಹೆಣ್ಣಿನ ಮನೆಯಲ್ಲಿ ಕೂತು ನಮ್ಮ ಕಾರೆಂದರೆ ಹಾಗೆ, ಹೀಗೆ ಎಂದು ಕೊಚ್ಚಿಕೊಂಡ. ಬೀಗರಾಗುವವರು ಬ್ರೇಕು ಎಲ್ಲಿ ಹಾಕಿಸಿದ್ದು ಎಂದು ನಂಜಯ್ಯನನ್ನೇ ಕೇಳಿದರು.

"ಇವರ ತಮ್ಮನ ಎಂಡ್ರು ಆಕ್ಸುದ್ದು ಸ್ವಾಮಿ. ಇವರು ಬ್ಯಾಡ ಅಂದಿದ್ರು, ಇವರ ಪಾಲಿಗೂ ಅವರೇ ಆಕ್ಸುದ್ರು."

ಆ ಸಂಬಂಧ ಕುದುರಲಿಲ್ಲ. ಮಾರನೆಯ ಬೆಳಿಗ್ಗೆ ಭಾವ ಒಂದು ಗಾಡಿ ಭತ್ತ ಕಳಿಸಿದ. ಎತ್ತುಗಳನ್ನು ಬಾಗಿಲಲ್ಲೇ ತಿರುಗಿಸಿದೆ. ಸಂಜೆ ತಾನೇ ಬಂದು ಜಗಲಿಯ ಕೆಳಗೆ ನಿಂತ.

"ತಕೊಂಬುಡು ಸುನಂದ. ನಿನ್ನ ಋಣ ನಂಗೆ ಬ್ಯಾಡ."

"ನಿಮ್ಮ ಬತ್ತ ಬ್ಯಾಡ ಭಾವ. ಋಣ ಇರ್ಲಿ ಬುಡಿ, ನೀವು ಬದುಕಿರೋಗಂಟ ಇರ್ಲಿ."

ಆಮೇಲೆ ಅವನು ಕಾರು ಹತ್ತಿಲ್ಲ. ತನ್ನ ವಾರದಲ್ಲೂ ಟವಲ್ಲು ತಲೆಗೆ ಹಾಕಿಕೊಂಡು ಬಸ್ಸಿಗೆ ನಡೆಯುತ್ತಾನೆ. ನಮ್ಮ ವಾರದಲ್ಲಿ ಅವನು ದಾರಿಯಲ್ಲಿ ಕಂಡಾಗಲೆಲ್ಲ ನಂಜಯ್ಯನಿಗೆ ಹೇಳಿ ಅವನ ಪಕ್ಕದಲ್ಲೇ ನಿಲ್ಲಿಸುತ್ತೇನೆ. ಬಾಗಿಲು ತೆಗೆದು, ಊರವರಿಗೆಲ್ಲ ಕೇಳುವ ಹಾಗೆ, ಬನ್ನಿ ಭಾವ, ಕೂತ್ಕೊಳ್ಳಿ ಎನ್ನುತ್ತೇನೆ. ಅವನು ತಲೆ ಎತ್ತದೆ ಮುಂದಕ್ಕೆ ಹೋಗುತ್ತಾನೆ. ನಾಳೆ ಸಿಕ್ಕರೂ ಕರೆಯುತ್ತೇನೆ.