ಕಸೂತಿ ಅಕ್ಕನ ದಾಳಿಂಬೆ ಕೊಂಬೆ

ಕಸೂತಿ ಅಕ್ಕನ ಅಂಗಡಿಯಲ್ಲಿ ಒಂದು ಕಂಪ್ಯೂಟರ್ ಇದೆ. ಅದರ ಆನ್-ಆಫ್ ಗುಂಡಿಯ ಮೇಲೆ ದಪ್ಪ ಟೇಪ್ ಅಂಟಿಸಿದೆ. ಟೇಪಿನ ಮೇಲೆ ಕೆಂಪು ಶಾಯಿಯಲ್ಲಿ ‘ಮುಟ್ಟಿದರೆ ಜೋಕೆ’ ಎಂದು ಬರೆದಿದೆ. ಬರೆದವಳು ಅಕ್ಕನೇ. ಕಟ್ಟಿಕೊಂಡ ಗಂಡನಿಗೂ ಆ ಗುಂಡಿ ಮುಟ್ಟುವ ಅಧಿಕಾರವಿಲ್ಲ.

ಅಂಗಡಿ ಎಂದರೆ ಬೀದಿಗೆ ತೆರೆದ ಒಂದೇ ಕೋಣೆ. ಗೋಡೆ ತುಂಬ ಬಣ್ಣಬಣ್ಣದ ದಾರದ ರೀಲುಗಳು, ನಡುವೆ ಎಂಬ್ರಾಯ್ಡರಿ ಮೆಷಿನ್. ನರ್ಸುಗಳ ಕೋಟಿಗೆ ಹೆಸರು, ಶಾಲೆಯ ಅಂಗಿಗೆ ಲಾಂಛನ, ಎಳೆಮಕ್ಕಳ ಹೊದಿಕೆಗೆ ಬಾತುಕೋಳಿ, ಹೀಗೆ ಬೇಕಾದ ಡಿಸೈನನ್ನು ಅಕ್ಕ ಕಂಪ್ಯೂಟರಿನಲ್ಲಿ ಬಿಡಿಸುತ್ತಾಳೆ. ಪೆನ್‌ಡ್ರೈವಿಗೆ ಹಾಕಿ ಮೆಷಿನ್ನಿಗೆ ಚುಚ್ಚುತ್ತಾಳೆ. ಸೂಜಿ ತಾನೇ ಓಡಲು ಶುರುಮಾಡುತ್ತದೆ. ಇಷ್ಟು ವರ್ಷ ನೋಡಿದರೂ ಅಕ್ಕನ ಬೆರಗು ಹಳೆಯದಾಗಿಲ್ಲ. ಈಗಲೂ ಕೈಲಿದ್ದ ಕೆಲಸ ಬಿಟ್ಟು ನಿಂತು ನೋಡುತ್ತಾಳೆ, “ರೀ, ನೋಡ್ರೀ, ಕೊಕ್ಕು ಬಂತು!” ಎಂದು ಗಂಡನನ್ನು ಕರೆಯುತ್ತಾಳೆ. ಅವರು ಬಟ್ಟೆ ಕತ್ತರಿಸುತ್ತಲೇ “ಬಾತುಕೋಳಿ ಅಂದಮೇಲೆ ಕೊಕ್ಕು ಬರದೆ ಮೀಸೆ ಬರುತ್ತಾ?” ಎನ್ನುತ್ತಾರೆ.

ಆ ಕಂಪ್ಯೂಟರಿನಲ್ಲಿ ಅಕ್ಕನ ಜೀವವೇ ಆಗಿದ್ದ ಒಂದು ಡಿಸೈನ್ ಇತ್ತು. ಅದು ದಾಳಿಂಬೆ ಕೊಂಬೆ. ಅದನ್ನು ಮೊದಲು ಕೈಯಲ್ಲಿ ಹಾಕಿದ್ದು ಅವಳ ಅತ್ತೆ, ಹರೆಯದಲ್ಲಿ, ಒಂದು ಮೇಜುಬಟ್ಟೆಯ ಮೇಲೆ. ಬಟ್ಟೆ ಹಳತಾಗಿ ಪಿಸಿದುಹೋಗುವ ಮುಂಚೆ ಅಕ್ಕ ಅದನ್ನು ಎದುರಿಗಿಟ್ಟುಕೊಂಡು ಒಂದೊಂದೇ ಹೊಲಿಗೆ ನೋಡಿ ಕಂಪ್ಯೂಟರಿಗೆ ಇಳಿಸಿದ್ದಳು. ಈಗ ಆ ಬಟ್ಟೆ ಇಲ್ಲ. ಅತ್ತೆಯ ಕಣ್ಣೂ ಮಂಜಾಗಿದೆ. ಅವರು ಮೂಲೆಯ ಕುರ್ಚಿಯಲ್ಲಿ ಕೂತು, ತುಂಡು ದಾರಗಳನ್ನು ಬೆರಳಿನಲ್ಲಿ ತಡವಿ ರೇಷ್ಮೆ ಯಾವುದು, ಹತ್ತಿ ಯಾವುದು ಎಂದು ಬೇರೆ ಮಾಡುತ್ತಾರೆ. ಅವರ ಕೈಕೆಲಸ ಉಳಿದಿರುವುದು ಆ ಕಂಪ್ಯೂಟರಿನ ಹೊಟ್ಟೆಯೊಳಗೆ ಮಾತ್ರ.

ಒಂದು ಬೆಳಗ್ಗೆ ಲೈಬ್ರರಿ ಮೇಡಂ ಬಂದರು. ಬೀದಿ ತುದಿಯ ಗ್ರಂಥಾಲಯ ನೋಡಿಕೊಳ್ಳುವವರು ಅವರು. ಕಿಟಕಿ ಪರದೆಗಳ ಮೇಲೆ ಗ್ರಂಥಾಲಯದ ಗುರುತು ಹಾಕಿಸಬೇಕಿತ್ತು. ಅಕ್ಕ ಮಾತಾಡುತ್ತಿದ್ದಾಗಲೇ ಕಂಪ್ಯೂಟರಿನಲ್ಲಿ ಒಂದು ಚೌಕ ಎದ್ದಿತು. ಈ ಸಿಸ್ಟಂಗೆ ಇನ್ನು ಮುಂದೆ ಸುರಕ್ಷತೆಯ ಅಪ್‌ಡೇಟ್ ಬರುವುದಿಲ್ಲ ಎಂದು ಅದರಲ್ಲಿತ್ತು. ಅಕ್ಕ ನೊಣ ಓಡಿಸುವಂತೆ ಅದನ್ನು ಓಡಿಸಿದಳು.

“ಏನಕ್ಕಾ ಅದು?”

“ದಿನಾ ಬರುತ್ತೆ ಮೇಡಂ. ದಿನಾ ಮುಚ್ತೀನಿ.”

“ಏನು ಬರೆದಿದೆ ಅಂತ ಓದಿದ್ರಾ?”

“ಓದಿದ್ರೆ ಭಯ ಆಗುತ್ತೆ. ಅದಕ್ಕೇ ಓದಲ್ಲ.”

ಗಂಡ ಕತ್ತರಿ ಕೆಳಗಿಟ್ಟರು. “ಹಿಂದಿನ ಬೀದಿ ಸ್ಟುಡಿಯೋದವರ ಗತಿ ಗೊತ್ತಲ್ಲ? ಯಾವುದೋ ಮೇಲ್ ಬಂತಂತೆ, ತೆರೆದರಂತೆ. ಅವತ್ತಿಂದ ಒಂದು ಫೋಟೊನೂ ತೆರೆಯಲ್ಲ. ಪಾಪ, ತಲೆ ಮೇಲೆ ಕೈ ಹೊತ್ತು ಕೂತಿದಾರೆ.”

“ಅವರ ಹತ್ರ ಊರವರ ಫೋಟೊ ಇದ್ವು,” ಎಂದಳು ಅಕ್ಕ. “ನನ್ನ ಬಾತುಕೋಳಿ ಯಾವ ಕಳ್ಳನಿಗೆ ಬೇಕು?”

ಮೇಡಂ ಕುರ್ಚಿ ಎಳೆದುಕೊಂಡು ಕೂತರು. “ಒಳಗೇನಿದೆ ಅಂತ ಆ ಕಳ್ಳನಿಗೆ ಗೊತ್ತಿರಲ್ಲ ಅಕ್ಕಾ. ಯಾವ ಬಾಗಿಲ ಚಿಲಕ ಸಡಿಲ ಇದೆ ಅಂತಷ್ಟೇ ನೋಡ್ಕೊಂಡು ಹೋಗ್ತಾನೆ. ಈ ಆಪರೇಟಿಂಗ್ ಸಿಸ್ಟಂ ಅನ್ನೋದು ಕಂಪ್ಯೂಟರಿಗೆ ಮನೆ ಯಜಮಾನಿ ಇದ್ದ ಹಾಗೆ. ಯಾವ ಸಾಮಾನು ಎಲ್ಲಿರಬೇಕು, ಯಾರನ್ನ ಒಳಗೆ ಬಿಡಬೇಕು, ಎಲ್ಲಾ ಅದರದೇ ಉಸ್ತುವಾರಿ. ನಿಮ್ಮದಕ್ಕೆ ವಯಸ್ಸಾಯ್ತು. ಕಂಪನಿಯವರು ಹೊಸ ಚಿಲಕ ಕಳಿಸೋದು ನಿಲ್ಲಿಸಿದಾರೆ. ಬದಲಾಯಿಸಿಬಿಡಿ.”

“ಆಗಲ್ಲ.” ಅಕ್ಕ ಕಡ್ಡಿ ಮುರಿದಂತೆ ಹೇಳಿದಳು.

ಮೇಡಂ ವಾದಕ್ಕಿಳಿಯಲಿಲ್ಲ. “ಯಾಕಕ್ಕಾ?” ಎಂದು ಮೆತ್ತಗೆ ಕೇಳಿದರು. ಅಲ್ಲಿಯವರೆಗೆ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಎಲ್ಲರೂ ‘ಹೆದರ್ತೀಯಾ’ ಎಂದು ನಕ್ಕವರೇ.

ಅಕ್ಕ ಬಾಯಿಬಿಟ್ಟಳು. ಹಿಂದೊಮ್ಮೆ ರಿಪೇರಿಯವನೊಬ್ಬ ಬಂದು, ಹೇಳದೆ ಕೇಳದೆ ಹೊಸ ಸಿಸ್ಟಂ ಹಾಕಿಬಿಟ್ಟಿದ್ದ. ಡಿಸೈನುಗಳೇನೋ ಇದ್ದವು. ಆದರೆ ಎಲ್ಲವನ್ನೂ ಒಂದೇ ಫೋಲ್ಡರಿಗೆ ತುಂಬಿ ಹೆಸರಿನ ಅಕ್ಷರಾನುಕ್ರಮದಲ್ಲಿ ನಿಲ್ಲಿಸಿದ್ದ. ಆ ಗಡಿಬಿಡಿಯಲ್ಲಿ ಒಬ್ಬ ಡಾಕ್ಟರ ಬಿಳಿ ಕೋಟಿನ ಜೇಬಿನ ಮೇಲೆ ಹೆಸರು ಬರಬೇಕಾದಲ್ಲಿ ಬಾತುಕೋಳಿ ಬಂತು.

“ಆ ಡಾಕ್ಟರು ಏನಂದ್ರು?”

“ಮಕ್ಕಳ ಡಾಕ್ಟರು, ಪುಣ್ಯಕ್ಕೆ. ಹಾಗೇ ಹಾಕ್ಕೊಂಡು ಹೋದ್ರು. ನನಗೆ ಮಾತ್ರ ನೆಲ ಬಿರಿದು ಒಳಗೆ ಹೋಗಿಬಿಡೋಣ ಅನ್ನಿಸ್ತು. ಅವನ ಕೈಲೇ ಹಳೇದನ್ನ ವಾಪಸ್ ಹಾಕಿಸಿ, ಅವತ್ತೇ ಟೇಪ್ ಅಂಟಿಸಿದೆ.”

ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, “ಈಗ ನೀವು ಡಿಸೈನ್ ಹೇಗೆ ಹುಡುಕ್ತೀರಿ, ತೋರಿಸಿ” ಎಂದರು. ಅಕ್ಕ ತೋರಿಸಿದಳು. ಮೂಲೆಯಲ್ಲಿ ಬಾತುಕೋಳಿ, ಅದರ ಕೆಳಗೆ ಶಾಲೆಯವು, ಪಕ್ಕದಲ್ಲಿ ಆಸ್ಪತ್ರೆ, ನಟ್ಟನಡುವೆ ದಾಳಿಂಬೆ. ಕಣ್ಣು ಪರದೆಯ ಕಡೆ ಸರಿಯಾಗಿ ಹೋಗುವ ಮುಂಚೆಯೇ ಕೈ ಹೋಗಿರುತ್ತಿತ್ತು. ಮೇಡಂ ಬಗ್ಗಿ ಹೆಸರು ಓದಿದರು. ‘ಹೊಸದು’, ‘ಹೊಸ ಹೊಸದು’, ‘ಕೊನೆಯದು’, ‘ಇದೇ ಕೊನೆಯದು’, ‘ಇದಲ್ಲ’.

“ನೀವು ಹೆಸರೇ ಓದಲ್ವಾ?”

“ಹೆಸರು ಯಾಕೆ ಮೇಡಂ? ಜಾಗ ಗೊತ್ತಲ್ಲ.”

ಮೇಡಂ ಅವಳ ಮುಖವನ್ನೇ ನೋಡಿದರು. ಪರದೆ ತುಂಬ ಇರುವೆ ಸಾಲಿನಂತೆ ಚಿತ್ರಗಳು, ಅಷ್ಟೂ ಈ ಹೆಂಗಸಿನ ಕೈಬೆರಳಿಗೆ ಬಾಯಿಪಾಠ! “ಅಬ್ಬಾ, ಅಕ್ಕಾ!” ಎಂದರು. “ಈಗ ಗೊತ್ತಾಯ್ತು. ಲೈಬ್ರರಿಯಲ್ಲಿ ನಾವು ಕಪಾಟು ಜರುಗಿಸಿದಾಗ ಓದೋಕೆ ಬರೋರು ತಿಂಗಳುಗಟ್ಟಲೆ ಬೈದ್ರು. ಪುಸ್ತಕ ಎಲ್ಲೂ ಹೋಗಿರ್ಲಿಲ್ಲ, ಅವರ ಕಾಲಿಗೆ ದಾರಿ ತಪ್ಪಿತ್ತು. ಸಿಸ್ಟಂ ಬದಲಾಯಿಸೋಕೆ ಆಫೀಸಿನವರು, ಅಂಗಡಿಯವರು, ಮನೆಯವರು ಎಲ್ಲಾ ಹಿಂದೇಟು ಹಾಕೋದು ಇದಕ್ಕೇ. ಕೈಗೆ ಕೂತ ವಿದ್ಯೆಯನ್ನ ಕಿತ್ಕೊಂಡು ಹೋಗ್ತಾರೇನೋ ಅಂತ ಭಯ. ಆ ಭಯ ಸುಳ್ಳಲ್ಲ.”

ತನ್ನ ಭಯ ಸುಳ್ಳಲ್ಲ ಎಂದು ಒಬ್ಬರಾದರೂ ಹೇಳಿದ್ದಕ್ಕೆ ಅಕ್ಕ ತನ್ನ ಕುರ್ಚಿಯನ್ನು ಮೇಡಂ ಪಕ್ಕಕ್ಕೆ ಎಳೆದುಕೊಂಡಳು.

“ಒಂದು ಕೆಲಸ ಮಾಡೋಣ,” ಎಂದರು ಮೇಡಂ. “ಇವತ್ತು ಏನನ್ನೂ ಬದಲಾಯಿಸೋದು ಬೇಡ. ಮೊದಲು ಎಲ್ಲಾ ಡಿಸೈನನ್ನ ನಕಲು ಮಾಡಿಟ್ಕೊಳ್ಳಿ. ಒಂದು ನಕಲು ಅಂಗಡಿಯಲ್ಲಿ, ಇನ್ನೊಂದು ಮನೆ ಕಪಾಟಲ್ಲಿ. ಎರಡನ್ನೂ ತೆರೆದು ನೋಡಿ. ರಜೆ ದಿನ ನಾನು ಬರ್ತೀನಿ.”

ಅಕ್ಕ ಹಾಗೇ ಮಾಡಿದಳು. ರಜೆಯ ಮಧ್ಯಾಹ್ನ ಮೇಡಂ ಬಂದರು. ಅವರ ಕೈಯಲ್ಲಿ ಹೆಬ್ಬೆರಳಿನಷ್ಟೂ ಇಲ್ಲದ ಒಂದು ಪೆನ್‌ಡ್ರೈವ್.

“ಇದರೊಳಗೆ ಒಂದು ಇಡೀ ಸಿಸ್ಟಂ ಇದೆ. ನಿಮ್ಮ ಹಳೇದನ್ನ ಮುಟ್ಟದೆ ಇದರಿಂದಲೇ ಕಂಪ್ಯೂಟರ್ ಶುರು ಮಾಡಬಹುದು. ಬೇಡ ಅನ್ಸಿದ್ರೆ ಕಿತ್ತುಹಾಕಿದ್ರಾಯ್ತು. ಆದ್ರೆ ಒಂದ್ಸಲ ಕಂಪ್ಯೂಟರ್ ಆಫ್ ಮಾಡಬೇಕು.”

ಆಫ್ ಮಾಡಬೇಕು! ಅಕ್ಕ ಟೇಪಿನ ಅಂಚನ್ನು ಉಗುರಿನಿಂದ ಎಬ್ಬಿಸಿದಳು. ಟೇಪ್ ಪರ್ರನೆ ಕಿತ್ತು ಬಂತು. ಕಣ್ಣು ಮುಚ್ಚಿಕೊಂಡು ಗುಂಡಿ ಒತ್ತಿದಳು. ಪರದೆ ಕಪ್ಪಾಯಿತು. ಮೂಲೆಯಲ್ಲಿ ಅತ್ತೆಯ ಕೈಯೂ ದಾರದ ಮೇಲೆ ಹಾಗೇ ನಿಂತಿತು.

ಮೇಡಂ ಪೆನ್‌ಡ್ರೈವ್ ಚುಚ್ಚಿ ಮತ್ತೆ ಗುಂಡಿ ಒತ್ತಿದರು. ಸ್ವಲ್ಪ ಹೊತ್ತಿಗೆ ಪರದೆ ಬೆಳಗಿತು. ಹೊಸ ಬಣ್ಣ, ಹೊಸ ಚಿತ್ರ, ಎಲ್ಲ ಹೊಸದು. ಹಳೆಯ ಕಂಪ್ಯೂಟರೇ, ಆದರೆ ನಿನ್ನೆ ತಂದಂತಿತ್ತು. ಅಕ್ಕ ಬೆಕ್ಕಸ ಬೆರಗಾಗಿ ಒಮ್ಮೆ ಪರದೆ ನೋಡಿದಳು, ಒಮ್ಮೆ ಆ ಪುಟ್ಟ ಪೆನ್‌ಡ್ರೈವ್ ನೋಡಿದಳು.

“ಇಷ್ಟೆಲ್ಲಾ ಇದರೊಳಗಿಂದ ಬಂತಾ?”

“ಇದರೊಳಗಿಂದಲೇ.”

“ಯಾವ ಕಂಪನಿಯದು?”

“ಒಂದೇ ಕಂಪನಿಯದಲ್ಲ. ಎಲ್ಲೆಲ್ಲಿಯವರೋ ಸಾವಿರಾರು ಜನ ಸೇರಿ ಬರೆದದ್ದು. ಒಬ್ಬರ ಮುಖ ಇನ್ನೊಬ್ಬರು ನೋಡಿಲ್ಲ. ಯಾರು ಬೇಕಾದ್ರೂ ಪುಕ್ಕಟೆ ಹಾಕ್ಕೋಬಹುದು.”

ಗಂಡ ಹುಬ್ಬೇರಿಸಿದರು. “ಪುಕ್ಕಟೆ ಅಂದ್ರೆ ಒಳಗೇನೋ ಮಸಲತ್ತು ಇದ್ದೇ ಇರುತ್ತೆ ಬಿಡಿ.”

ಮೇಡಂ ಮೂಲೆಯ ಕಡೆ ತಿರುಗಿದರು. “ಅಮ್ಮಾ, ದಾಳಿಂಬೆ ಕೊಂಬೆ ಹಾಕೋದನ್ನ ನೀವು ಯಾರಿಂದ ಕಲಿತ್ರಿ?”

“ಪಕ್ಕದ ಮನೆಯಾಕೆ ದಿಂಬಿಗೆ ಹಾಕ್ತಿದ್ಲು. ನೋಡಿ ಕಲಿತೆ. ಅದಕ್ಕೆ ಎಲೆ ಸೇರಿಸಿದ್ದು ನಾನು. ಆಮೇಲೆ ಆಕೆನೂ ಎಲೆ ಹಾಕೋಕೆ ಶುರು ಮಾಡಿದ್ಲು.”

“ದುಡ್ಡು ತಗೊಂಡ್ರಾ?”

“ಅಯ್ಯೋ, ಹೊಲಿಗೆ ಹೇಳಿಕೊಡೋಕೆ ದುಡ್ಡಾ!”

ಗಂಡ ಮತ್ತೆ ಕತ್ತರಿ ಎತ್ತಿಕೊಂಡರು. ಅಕ್ಕ ಮಾತ್ರ ಹಾಗೇ ನಿಂತಳು. ಎಲ್ಲೋ ಕುಳಿತ ಸಾವಿರ ಜನ ಒಂದೊಂದು ಎಲೆ ಸೇರಿಸಿದ್ದಾರೆ, ಆ ಕೊಂಬೆ ಬೆಳೆಯುತ್ತ ಬೆಳೆಯುತ್ತ ತನ್ನ ಅಂಗಡಿಯ ಒಳಕ್ಕೂ ಚಾಚಿದೆ.

ಅಕ್ಕ ದಿನಾ ಮಾಡುವ ಕೆಲಸಗಳನ್ನೆಲ್ಲ ಮೇಡಂ ಅವಳ ಕೈಯಲ್ಲೇ ಮಾಡಿಸಿ ನೋಡಿದರು. ಬಿಲ್ ಬಂತು. ಮೇಲ್ ಬಂತು. ಗಿರಾಕಿಗಳು ಕಳಿಸುವ ಚಿತ್ರಗಳು ತೆರೆದವು. ಆದರೆ ಅಕ್ಕ ಡಿಸೈನ್ ಬಿಡಿಸುವ ಸಾಫ್ಟ್‌ವೇರ್ ಮಾತ್ರ ಏನು ಮಾಡಿದರೂ ಏಳಲಿಲ್ಲ. ಅದು ಹಳೆಯ ಸಿಸ್ಟಂಗೆಂದೇ ಮಾಡಿದ್ದು.

“ನಾನು ಹೇಳ್ಲಿಲ್ವಾ?” ಎಂದರು ಗಂಡ, ಸ್ವಲ್ಪ ಖುಷಿಯಿಂದಲೇ.

“ನಿಮ್ಮ ಮಾತು ನಿಜ,” ಎಂದರು ಮೇಡಂ. “ಎಷ್ಟೋ ಕಡೆ ಇದೊಂದೇ ಕಾರಣಕ್ಕೆ ಕೈಬಿಡ್ತಾರೆ. ಒಂದಕ್ಕೋಸ್ಕರ ಎಲ್ಲವನ್ನೂ ಯಾಕೆ ಬಿಡಬೇಕು? ಡಿಸೈನ್ ಬಿಡಿಸೋಕೆ ಈ ಕಂಪ್ಯೂಟರ್ ಹಳೇ ಸಿಸ್ಟಂ ಜೊತೆಗೇ ಇಲ್ಲೇ ಇರಲಿ. ಅದರ ಇಂಟರ್ನೆಟ್ ತಂತಿ ಮಾತ್ರ ಕಿತ್ತುಬಿಡಿ. ಬೀದಿ ಕಡೆ ಬಾಗಿಲೇ ಇಲ್ಲದ ಮೇಲೆ ಕಳ್ಳನಿಗೆ ದಾರಿ ಸಿಗೋದು ಕಷ್ಟ. ಅದಕ್ಕೆ ಕಂಡಕಂಡವರ ಪೆನ್‌ಡ್ರೈವ್ ಹಾಕಬೇಡಿ. ಬಿಲ್ಲು, ಮೇಲು, ಮಿಕ್ಕಿದ್ದೆಲ್ಲಾ ಹೊಸ ಸಿಸ್ಟಂನಲ್ಲಿ. ಅದಕ್ಕೆ ಮನೇಲಿ ಇನ್ನೊಂದು ಕಂಪ್ಯೂಟರ್ ಏನಾದ್ರೂ ಇದೆಯಾ?”

ಇತ್ತು. ಆಮೆಯಂತೆ ನಡೆಯುತ್ತದೆ ಎಂದು ಕಪಾಟಿಗೆ ಸೇರಿಸಿದ್ದ ಲ್ಯಾಪ್‌ಟಾಪ್. ಅದರಲ್ಲಿ ಉಳಿಸಿಕೊಳ್ಳುವಂಥದ್ದು ಏನೂ ಇಲ್ಲವೆಂದು ಮೊದಲು ನೋಡಿಕೊಂಡು, ಮೇಡಂ ಹೊಸ ಸಿಸ್ಟಂ ಹಾಕಿದರು. ಹಳೆಯ ಪರದೆಯ ಫೋಟೊ ತೆಗೆದು ಪಕ್ಕದಲ್ಲಿಟ್ಟುಕೊಂಡು, ಇಬ್ಬರೂ ಸೇರಿ ನಕಲು ಮಾಡಿಟ್ಟಿದ್ದ ಒಂದೊಂದು ಡಿಸೈನನ್ನೂ ಅದರದರ ಜಾಗದಲ್ಲೇ ಕೂರಿಸಿದರು. ಮೂಲೆಗೆ ಬಾತುಕೋಳಿ, ನಟ್ಟನಡುವೆ ದಾಳಿಂಬೆ. ಅಕ್ಕ ಕೈ ಇಟ್ಟಳು. ಕೈ ತಾನೇ ಹೋಯಿತು.

“ಆದ್ರೂ ಮೇಡಂ,” ಎಂದಳು, “ಒಳಗೆ ಎಲ್ಲಾ ಸರಿಯಾಗಿದೆ ಅಂತ ಹೇಗೆ ಹೇಳೋದು? ಒಂದು ಹೊಲಿಗೆ ಹೆಚ್ಚುಕಡಿಮೆ ಆದ್ರೂ ಅದು ನಮ್ಮತ್ತೆದಲ್ಲ.”

“ಹಾಗಾದ್ರೆ ಹೊಲಿದೇ ನೋಡೋಣ.”

ಲ್ಯಾಪ್‌ಟಾಪಿನಿಂದ ಡಿಸೈನ್ ಪೆನ್‌ಡ್ರೈವಿಗೆ ಹೋಯಿತು, ಅಲ್ಲಿಂದ ಮೆಷಿನ್ನಿಗೆ. ಬಿಳಿ ಬಟ್ಟೆ ಬಿಗಿದರು. ಸೂಜಿ ಓಡಿತು. ಕೊಂಬೆ ಚಿಗುರಿತು, ಹೂ ಬಂತು, ಕಾಯಿ ಬಂತು, ಬಿರಿದ ಹಣ್ಣಿನೊಳಗೆ ಕೆಂಪು ಕಾಳುಗಳು ಸಾಲಾಗಿ ಕೂತವು. ಈ ಸಲ ಅಕ್ಕ ಯಾರನ್ನೂ ಕರೆಯಲಿಲ್ಲ. ಗಂಡನೇ ಎದ್ದು ಬಂದು ಅವಳ ಪಕ್ಕ ನಿಂತಿದ್ದರು.

ಬಟ್ಟೆಯನ್ನು ಅತ್ತೆಯ ಮಡಿಲಲ್ಲಿ ಇಟ್ಟರು. ಅವರ ಬೆರಳು ಕೊಂಬೆಯ ಬುಡದಿಂದ ಹೊರಟಿತು. ಮೆಲ್ಲಗೆ ಒಂದೊಂದೇ ಎಲೆ ಮುಟ್ಟುತ್ತ ಹೋಯಿತು. ತುದಿಯ ಹತ್ತಿರ ತಟ್ಟನೆ ನಿಂತಿತು. ಅಕ್ಕ ಕುರ್ಚಿಯ ಮುಂದೆ ಕುಕ್ಕರಿಸಿದಳು.

“ಏನಾಯ್ತು ಅತ್ತೆ?”

“ಈ ಎಲೆ ಉಲ್ಟಾ ಕೂತಿದೆ.”

“ಅಯ್ಯೋ…”

“ಸುಮ್ನಿರು.” ಅತ್ತೆಯ ಮಂಜು ಕಣ್ಣು ತುಂಬಿಕೊಂಡಿತು. “ಇದು ನಾನೇ ಮಾಡಿದ ತಪ್ಪು. ಈ ಎಲೆ ಹಾಕ್ತಿದ್ದಾಗ ತೊಟ್ಟಿಲಲ್ಲಿ ಇವನು ಅತ್ತ.” ಅವರು ಮಗನ ಕಡೆ ಕೈ ತೋರಿಸಿದರು. “ಎತ್ತಿಕೊಂಡು ಸಮಾಧಾನ ಮಾಡಿ ಬಂದು ಹೊಲಿದೆ. ಬಟ್ಟೆ ತಿರುಗಿದ್ದು ಗೊತ್ತಾಗ್ಲಿಲ್ಲ. ಆಮೇಲೆ ಬಿಚ್ಚೋಕೆ ಮನಸ್ಸು ಬರ್ಲಿಲ್ಲ. ಇವನು ಅತ್ತಿದ್ದೂ ಹಾಗೇ ಬಂದಿದೆ ಕಣಮ್ಮಾ, ಅಷ್ಟು ದೂರದಿಂದ!”

ತಲೆ ನರೆತ ಆ ಮಗ ಬಗ್ಗಿ ತಾನೂ ಒಂದು ಬೆರಳಿನಿಂದ ಆ ಎಲೆಯನ್ನು ಮುಟ್ಟಿ ನೋಡಿದರು. ಆಮೇಲೆ ಹೋಗಿ ಹಳೆಯ ಕಂಪ್ಯೂಟರಿನ ಇಂಟರ್ನೆಟ್ ತಂತಿಯನ್ನು ತಾವೇ ಕಿತ್ತರು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಕಂಪ್ಯೂಟರಿನಲ್ಲೂ, ಅಂಗಡಿಯ ಕಂಪ್ಯೂಟರಿನಲ್ಲೂ ಅಂಥದ್ದೊಂದು ಎಲೆ ಇದ್ದೇ ಇರುತ್ತದೆ. ಮಗುವಿನ ಫೋಟೊ ಇರಬಹುದು, ವರ್ಷಗಟ್ಟಲೆ ದುಡಿದ ಕೆಲಸ ಇರಬಹುದು. ಆ ಚೌಕ ಎದ್ದಾಗ ನೊಣದಂತೆ ಓಡಿಸಬೇಡಿ, ಒಮ್ಮೆ ಓದಿ. ನಿಮ್ಮ ಸಿಸ್ಟಂಗೆ ಅಪ್‌ಡೇಟ್ ಇನ್ನೂ ಬರುತ್ತಿದೆಯೇ ಎಂದು ಬಲ್ಲವರನ್ನು ಕೇಳಿ. ಬರುತ್ತಿಲ್ಲವಾದರೆ, ಬೇರೇನು ಮಾಡುವ ಮುಂಚೆಯೂ ಎರಡು ಕಡೆ ನಕಲು ಇಡಿ. ಹೊಸದನ್ನು ಪೆನ್‌ಡ್ರೈವಿನಿಂದ ಹಾಕಿ ನೋಡಿ, ನಿಮ್ಮ ದಿನನಿತ್ಯದ ಕೆಲಸವನ್ನೇ ಅದರಲ್ಲಿ ಮಾಡಿ ನೋಡಿ, ಆಗದೆ ಉಳಿದದ್ದನ್ನು ಹಳೆಯದರಲ್ಲೇ ಇಟ್ಟು ಅದರ ಇಂಟರ್ನೆಟ್ ತೆಗೆಯಿರಿ. ಯಾರಾದರೂ ಅವಸರ ಮಾಡಿದರೆ ‘ನಿಲ್ಲಿ, ನನಗೆ ಕೈ ಕೂರಲಿ’ ಎಂದು ಧೈರ್ಯವಾಗಿ ಹೇಳಿ. ನಿಧಾನವಾದರೂ ಪರವಾಗಿಲ್ಲ, ಇವತ್ತೇ ಶುರು ಮಾಡಿ. ಎಲೆ ಉಲ್ಟಾ ಇದ್ದರೂ ನಿಮ್ಮದೇ ಅಲ್ಲವೇ? ಅದನ್ನು ಕಳೆದುಕೊಳ್ಳಬೇಡಿ.